ಒಣಗಿಸಿಟ್ಟ ಹೆಬ್ಬಲಸಿನ ಬೀಜ ಮೊಳೆಯಲಿಲ್ಲ, ಯಾಕೆ?

ಒಣಗಿಸಿದ್ದೇ ಕಾರಣ. ಹೆಬ್ಬಲಸು ಹಲಸಿನ ಬಳಗದ ಕಾಡುಮರ; ಹಲಸಿನ ಬೇಳೆಯಂತೆ ಇದರ ಬೀಜಕ್ಕೂ ಹಸಿಯಿರುವಷ್ಟು ದಿನ ಮಾತ್ರ ಜೀವ. ನೀರಿನಂಶ ಇಳಿದರೆ ಒಳಗಿನ ಮೊಳಕೆ ಸಾಯುತ್ತದೆ, ಆಮೇಲೆ ಎಷ್ಟು ನೆನೆಸಿದರೂ ಫಲವಿಲ್ಲ. ಕಾಸರಗೋಡಿನ ಕಡೆ ಮಳೆಗಾಲದ ಹೊಸ್ತಿಲಲ್ಲೇ ಹಣ್ಣಾಗುವುದು ನಮ್ಮ ಪುಣ್ಯ. ಮರದಡಿ ಬಿದ್ದ ಮಾಗಿದ ಹಣ್ಣು ಆರಿಸಿ, ಲೋಳೆ ಪೂರ್ತಿ ಹೋಗುವಂತೆ ಬೀಜ ತೊಳೆದು, ಅಂದೋ ಮರುದಿನವೋ ಬಿತ್ತಿ. ಲೋಳೆ ಉಳಿದರೆ ಇರುವೆ, ಬೂಸ್ಟು ಖಂಡಿತ.

ಮೇಲ್ಮಣ್ಣು, ಹೊಳೆಮರಳು, ಹಳೆಯ ಸೆಗಣಿಗೊಬ್ಬರ ಸಮಪಾಲು ತುಂಬಿದ ಉದ್ದನೆಯ ತೊಟ್ಟೆಯಲ್ಲಿ (ಪ್ಲಾಸ್ಟಿಕ್ ಚೀಲದಲ್ಲಿ) 1–2 ಸೆಂ.ಮೀ. ಆಳಕ್ಕೆ ಒಂದೊಂದೇ ಬೀಜ ಹಾಕಿ. ಅಡಿಯಲ್ಲಿ ತೂತು ಮರೆಯಬೇಡಿ. ಪಾತಿಯಲ್ಲಿ ಬೆಳೆಸಿ ಕಿತ್ತರೆ ತಾಯಿಬೇರು ತುಂಡಾಗುತ್ತದೆ. ಸುಮಾರು ಎರಡು-ಮೂರು ವಾರದಲ್ಲಿ ಮೊಳಕೆ ಕಾಣುತ್ತದೆ. ಜಡಿಮಳೆ ನೇರ ಬೀಳದಂತೆ ಮೇಲೆ ಸೋಗೆ ಹೊದೆಸಿ, ಅಳಿಲು, ಹೆಗ್ಗಣ ಬಾರದಂತೆ ಬಲೆ ಕಟ್ಟಿ. ಮುಂದಿನ ಜೂನ್‌ನಲ್ಲಿ ನೆಡಿ.