ನಂಪೈ ಬದಲಾದರೆ ನಮ್ಮ ರಿಲೀಸ್ ಯಾವಾಗ?

ಓಪನ್ ಸೋರ್ಸ್ ಕೆಲಸದ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ತಿಂಗಳ ಉತ್ತರಗಳು

ಪ್ರಶ್ನೆ: ನಾವು ನಾಲ್ಕು ಜನ ಗೆಳೆಯರು ಮಳೆಯ ಅಂಕಿಗಳನ್ನು ಓದಿ ಲೆಕ್ಕ ಹಾಕುವ ಒಂದು ಪೈಥಾನ್ ಲೈಬ್ರರಿ ನಡೆಸುತ್ತಿದ್ದೇವೆ. ಒಳಗೆ ಸ್ವಲ್ಪ ಸಿ ಕೋಡ್ ಇದೆ. ಲೈಬ್ರರಿ ನಿಂತಿರುವುದು ಪೈಥಾನಿನಲ್ಲಿ ಅಂಕಿಗಳ ಲೆಕ್ಕ ಮಾಡುವ ನಂಪೈ ಎಂಬ ಲೈಬ್ರರಿಯ ಮೇಲೆ. ನಂಪೈ 2.0 ಬಂದಾಗ ಹೆದರಿ ‘2ಕ್ಕಿಂತ ಕೆಳಗಿನದೇ ಬೇಕು’ ಅಂತ ಮಿತಿ ಹಾಕಿದೆವು. ಅದು ಇನ್ನೂ ಹಾಗೇ ಇದೆ, ಬಳಕೆದಾರರು ಬೈಯುತ್ತಿದ್ದಾರೆ. ಮುಂದಿನ ರಿಲೀಸ್‌ನಲ್ಲಿ ಹೊಸ ಫೀಚರ್‌ಗಳ ಜೊತೆಗೇ ಮಿತಿಯನ್ನೂ ತೆಗೆದುಬಿಡಬಹುದಾ?
– ಧಾರವಾಡದ ಓದುಗರು

ಉತ್ತರ: ತೆಗೆಯಿರಿ, ಆದರೆ ಜೊತೆಗೆ ಬೇಡ. ಮಿತಿ ತೆಗೆಯುವುದಕ್ಕೇ ಒಂದು ಸಣ್ಣ ರಿಲೀಸ್ ಮಾಡಿ. ಫೀಚರ್‌ಗಳು ಅದರ ಹಿಂದಿನಿಂದ ಬರಲಿ.

ಮೊದಲು ನಿಮಗೊಂದು ಸಮಾಧಾನ. ಆವತ್ತು ಮಿತಿ ಹಾಕಿದ್ದು ತಪ್ಪಲ್ಲ. ನಂಪೈ 1.0 ಬಂದಿದ್ದು 2006ರಲ್ಲಿ. ಅಲ್ಲಿಂದ 2024ರವರೆಗೆ ಮೊದಲ ಅಂಕಿ ಬದಲಾಗಿರಲೇ ಇಲ್ಲ. ಬದಲಾದಾಗ ಸಿ ಮಟ್ಟದಲ್ಲೇ ಬದಲಾಯಿತು. ಹಳೆಯ ನಂಪೈ ಇಟ್ಟುಕೊಂಡು ಕಂಪೈಲ್ ಮಾಡಿದ ಮಾಡ್ಯೂಲ್ ಹೊಸದರ ಮೇಲೆ ಓಡುವುದಿಲ್ಲ, ಇಂಪೋರ್ಟ್ ಮಾಡಿದ ಕೂಡಲೇ ಕೈ ಎತ್ತುತ್ತದೆ. ಅದಕ್ಕೇ ನಂಪೈ ತಂಡದವರು ಕಾದು, ಹೇಳಿ, ಮಾಡಿದರು. ವಸಂತದಲ್ಲಿ ಪರೀಕ್ಷೆಗೆಂದು ಬೀಟಾ ಬಂತು, ಆರ್‌ಸಿ (ರಿಲೀಸ್‌ಗೆ ಮುಂಚಿನ ಕೊನೆಯ ಕರಡು) ಬಂತು. ಮೇ 23ರಂದು ‘ಜೂನ್ 16ಕ್ಕೆ ಬಿಡುತ್ತೇವೆ’ ಅಂತ ಪ್ರಕಟಿಸಿದರು. ನಂಪೈ ಮೇಲೆ ನಿಂತಿರುವ ದೊಡ್ಡ ಲೈಬ್ರರಿಗಳಾದ ಪಾಂಡಾಸ್ 2.2.2, ಸೈಪೈ 1.13 ಎರಡೂ ಏಪ್ರಿಲ್‌ನಲ್ಲೇ ಹೊರಬಂದು ನಂಪೈ 2ಕ್ಕೆ ತಯಾರಾಗಿ ಕೂತಿದ್ದವು. ಜೂನ್ 16 ಭಾನುವಾರ. ಮಾರನೇ ದಿನ ನಮ್ಮಲ್ಲಿ ಬಕ್ರೀದ್ ರಜೆ. ನಮ್ಮ ಕಡೆ ಎಷ್ಟೋ ಜನಕ್ಕೆ ಏನು ಮುರಿದಿದೆ ಅಂತ ಗೊತ್ತಾಗುವಷ್ಟರಲ್ಲಿ ಮಂಗಳವಾರ ಆಗಿರಬೇಕು!

ಈಗ ನಿಮ್ಮ ಮಿತಿಯ ವಿಷಯ. ಇದರಲ್ಲಿ ಜನ ಗಮನಿಸದ ಒಂದು ಕಿತಾಪತಿ ಇದೆ. ನಿಮ್ಮ ಬಳಕೆದಾರರ ಬಳಿ ಇನ್ನೊಂದು ಪ್ಯಾಕೇಜ್ ಇದೆ, ಅದಕ್ಕೆ ನಂಪೈ 2 ಬೇಕೇ ಬೇಕು ಅಂದುಕೊಳ್ಳಿ. ಪಿಪ್ (ಪೈಥಾನ್ ಪ್ಯಾಕೇಜ್ ತಂದು ಕೂರಿಸುವ ಪರಿಕರ) ನಿಮ್ಮ ಇತ್ತೀಚಿನ ರಿಲೀಸ್ ನೋಡುತ್ತದೆ. ಮಿತಿ ಇದೆ, ಆಗಲ್ಲ. ಅದರ ಹಿಂದಿನದು ನೋಡುತ್ತದೆ. ಹೀಗೆ ಹಿಂದೆ ಹಿಂದೆ ಹೋಗಿ, ನೀವು ಮಿತಿ ಹಾಕುವ ಮುಂಚಿನ ಯಾವುದೋ ಹಳೇ ರಿಲೀಸ್ ಸಿಕ್ಕಿದ ಕೂಡಲೇ ಅದನ್ನೇ ಸುಮ್ನೆ ತಂದು ಕೂರಿಸುತ್ತದೆ. ಅದು ನಂಪೈ 1ರಲ್ಲಿ ಕಂಪೈಲ್ ಆದದ್ದು. ಇನ್‌ಸ್ಟಾಲ್ ಆಯಿತು ಅಂತ ಸಂದೇಶ ಬರುತ್ತದೆ, ಇಂಪೋರ್ಟ್ ಮಾಡಿದರೆ ಢಮಾರ್. ಪೈಥಾನ್ ಪ್ಯಾಕೇಜ್‌ಗಳ ಭಂಡಾರವಾದ ಪೈಪಿಐಗೆ ಒಮ್ಮೆ ಏರಿಸಿದ ಫೈಲಿನ ಒಳಗೆ ಆಮೇಲೆ ಮಿತಿ ಸೇರಿಸಲು ಬರುವುದಿಲ್ಲ. ನಿಮಗೆ ಬರುತ್ತಿರುವ ಬೈಗುಳದಲ್ಲಿ ಅರ್ಧ ಇಂಥದ್ದೇ ಇರಬಹುದು. ‘ಯಾವ ವರ್ಷನ್ ಇನ್‌ಸ್ಟಾಲ್ ಆಗಿದೆ?’ ಅಂತ ಮೊದಲು ಕೇಳಿ ನೋಡಿ.

ಹಾಗಾಗಿ ಸಣ್ಣ ರಿಲೀಸ್ ಬೇಗ ಬರಬೇಕು. ಅದರೊಳಗೆ ಹೋಗಬೇಕಾದ್ದು ಕಡಿಮೆಯೇ. ನಂಪೈ 2ರಲ್ಲಿ ತೆಗೆದುಹಾಕಿದ ಹಳೆಯ ಹೆಸರುಗಳನ್ನು ಕೋಡ್ ತಪಾಸಣೆ ಮಾಡುವ ರಫ್‌ನ ಎನ್‌ಪಿವೈ 201 ನಿಯಮ ಹುಡುಕಿಕೊಡುತ್ತದೆ, ಎಷ್ಟೋ ಕಡೆ ತಾನೇ ಬದಲಾಯಿಸುತ್ತದೆ. ಅನಂತಕ್ಕಿದ್ದ ದೊಡ್ಡಕ್ಷರದ ‘ಇನ್ಫ್’ ಹೋಗಿದೆ, ಚಿಕ್ಕಕ್ಷರದ್ದು ಉಳಿದಿದೆ, ಹೀಗೆ. ವೀಲ್ (ಕಂಪೈಲ್ ಮಾಡಿಟ್ಟ ಪ್ಯಾಕೇಜ್ ಫೈಲ್) ಕಟ್ಟುವಾಗ ನಂಪೈ 2 ಬಳಸಿ. ಹೊಸದರಲ್ಲಿ ಕಟ್ಟಿದ್ದು ಹಳೆಯದರ ಮೇಲೂ ಓಡುತ್ತದೆ, ಉಲ್ಟಾ ಮಾತ್ರ ಆಗುವುದಿಲ್ಲ. ಅಂದರೆ ನಂಪೈ 1ರಲ್ಲೇ ಇರುವವರನ್ನು ನೀವು ಕೈಬಿಡಬೇಕಾಗಿಲ್ಲ. ತಾನಾಗಿ ಟೆಸ್ಟ್ ಓಡಿಸುವ ವ್ಯವಸ್ಥೆಯಾದ ಸಿಐನಲ್ಲಿ ಮಾತ್ರ ಎರಡನ್ನೂ ಇಟ್ಟು ಟೆಸ್ಟ್ ಓಡಿಸಿ.

ಆ ಟೆಸ್ಟ್‌ಗಳಲ್ಲಿ ಕೆಲವು ಬೀಳುತ್ತವೆ. ಬಿದ್ದ ಕೂಡಲೇ ಉತ್ತರ ತಿದ್ದಿ ಹಸಿರು ಮಾಡಬೇಡಿ. ಫ್ಲೋಟ್ 32ರ (32 ಬಿಟ್‌ನಲ್ಲಿ ಇಡುವ ದಶಾಂಶ) ಒಂದು ಸಂಖ್ಯೆಗೆ ಪೈಥಾನಿನ ಸಾಮಾನ್ಯ 3.0 ಕೂಡಿಸಿ ನೋಡಿ. ಮೊದಲು ಉತ್ತರ ಫ್ಲೋಟ್ 64 ಆಗಿ ಬರುತ್ತಿತ್ತು. ಈಗ 32 ಆಗಿಯೇ ಉಳಿಯುತ್ತದೆ. ವಿಂಡೋಸ್‌ನಲ್ಲಿ ಪೂರ್ಣಾಂಕ 32 ಬಿಟ್‌ನಿಂದ 64ಕ್ಕೆ ಏರಿದೆ. ಮಳೆಯ ಲೆಕ್ಕದಲ್ಲಿ ದಶಾಂಶದ ಕೊನೆಯ ಅಂಕಿಗಳು ಅಲ್ಲಾಡಿದರೆ ಕಾರಣ ಇಲ್ಲಿ ಹುಡುಕಿ. ಫೀಚರ್‌ಗಳನ್ನು ಇದರ ಜೊತೆ ತುರುಕಬೇಡಿ ಅಂದಿದ್ದು ಇದಕ್ಕೇ. ಮೊತ್ತ ಬದಲಾಗಿದ್ದು ನಿಮ್ಮ ಹೊಸ ಸೂತ್ರದಿಂದಲೋ ನಂಪೈಯಿಂದಲೋ ಅಂತ ಯಾರೂ ಹೇಳಲಾಗದ ಹಾಗೆ ಆಗುತ್ತದೆ. ಏನೇನು ಬದಲಾಯಿತು ಅಂತ ರಿಲೀಸ್ ಟಿಪ್ಪಣಿಯಲ್ಲಿ ಮೊದಲ ಸಾಲಿಗೇ ಬರೆಯಿರಿ.

ಹಳೆಯ ನಂಪೈಯನ್ನು ಪೂರ್ತಿ ಬಿಡುವುದು ಯಾವಾಗ? ವಿಜ್ಞಾನದ ಪೈಥಾನ್ ಬಳಗ ಸ್ಪೆಕ್ 0 ಅಂತ ಒಂದು ಒಪ್ಪಂದ ಇಟ್ಟುಕೊಂಡಿದೆ: ಪೈಥಾನ್ ವರ್ಷನ್ ಬಂದು 3 ವರ್ಷ, ನಂಪೈಯಂಥ ಮುಖ್ಯ ಪ್ಯಾಕೇಜ್ ಬಂದು 2 ವರ್ಷ ಆದ ಮೇಲೆ ಬೆಂಬಲ ಬಿಡಬಹುದು. ಅದನ್ನೇ ಹಿಡಿಯಿರಿ. ನಾಲ್ಕು ಜನ ಕೂತು ಪ್ರತಿ ಸಲ ಇದನ್ನೇ ಜಗಳ ಆಡುವುದು ತಪ್ಪುತ್ತದೆ. ಇನ್ನೊಂದು ಮಾತು: ನಂಪೈಯ ನೈಟ್ಲಿ ವೀಲ್ (ಇನ್ನೂ ರಿಲೀಸ್ ಆಗದ ಹೊಚ್ಚ ಹೊಸ ಕೋಡಿನದು) ಹಾಕಿ ಓಡುವ ಒಂದು ಕೆಲಸವನ್ನು ವಾರಕ್ಕೊಮ್ಮೆ ಸಿಐನಲ್ಲಿ ಇಡಿ. ಅದು ಕೆಂಪಾದರೆ ಮರ್ಜ್ (ಹೊಸ ಕೋಡನ್ನು ಮುಖ್ಯ ಕೋಡಿಗೆ ಸೇರಿಸುವುದು) ನಿಲ್ಲಬಾರದು, ನಾಲ್ವರಲ್ಲಿ ಒಬ್ಬರಿಗೆ ಸುದ್ದಿ ಹೋಗಬೇಕು. ಯಾರಿಗೆ ಅಂತ ಹೆಸರು ಬರೆದಿಡಿ. ‘ಎಲ್ಲರೂ ನೋಡ್ತಾರೆ’ ಅಂದರೆ ಯಾರೂ ನೋಡಲ್ಲ ಅಂತಲೇ, ಅಲ್ವಾ?

ಪ್ರಶ್ನೆ: ಪ್ರತಿ ಸೋಮವಾರ ಬೆಳಿಗ್ಗೆ ಡಿಪೆಂಡಬಾಟ್ (ನಾವು ಬಳಸುವ ಪ್ಯಾಕೇಜ್‌ಗಳ ಹೊಸ ವರ್ಷನ್ ಸೂಚಿಸುವ ಬಾಟ್) ಕಳಿಸಿದ ಪಿಆರ್‌ಗಳು, ಅಂದರೆ ಕೋಡ್ ಬದಲಾವಣೆಯ ಕೋರಿಕೆಗಳು, ಸಾಲಾಗಿ ನಿಂತಿರುತ್ತವೆ. ಬಂದ ಕೂಡಲೇ ಮರ್ಜ್ ಮಾಡಬೇಕಾ, ಬಿಡಬೇಕಾ?
– ಬೆಂಗಳೂರಿನ ಓದುಗರು

ಉತ್ತರ: ವಾರಕ್ಕೊಮ್ಮೆ ಅಂತ ಇಟ್ಟರೆ ಅದು ತಾನಾಗಿ ಆರಿಸಿಕೊಳ್ಳುವುದೇ ಸೋಮವಾರ. ದಿನ ಬದಲಾಯಿಸಿಕೊಳ್ಳಿ. ಗುಂಪು ಮಾಡುವ ಸೌಲಭ್ಯ ಇದೆ, ಟೆಸ್ಟ್ ಪರಿಕರಗಳನ್ನೆಲ್ಲ ಒಂದೇ ಪಿಆರ್‌ಗೆ ಹಾಕಿ. ಹೊಸ ವರ್ಷನ್ ಬಂದು ಕೆಲವು ದಿನ ಕಾಯುವ ಹಾಗೂ ಹೇಳಬಹುದು. ನಾನಂತೂ ಕಾಯುವ ಪಕ್ಷ. 2024ರ ಮಾರ್ಚ್ 29ರಂದು ಎಂಜಿನಿಯರ್ ಆಂಡ್ರೆಸ್ ಫ್ರಾಯಿಂಡ್ ಫೈಲ್ ಕುಗ್ಗಿಸುವ ಪರಿಕರ ಎಕ್ಸ್‌ಝಡ್ ಒಳಗೆ ಅಡಗಿಸಿದ್ದ ಹಿಂಬಾಗಿಲನ್ನು (ಕಳ್ಳದಾರಿ) ಬಯಲು ಮಾಡಿದರಲ್ಲ, ಅದು ಇದ್ದದ್ದು 5.6.0 ಮತ್ತು 5.6.1ರಲ್ಲಿ ಮಾತ್ರ. ದೂರದ ಕಂಪ್ಯೂಟರಿಗೆ ಹೊಗುವ ಎಸ್‌ಎಸ್‌ಎಚ್ ಲಾಗಿನ್ ಅರ್ಧ ಸೆಕೆಂಡ್ ತಡವಾಗುತ್ತಿದೆ ಅಂತ ಅವರು ಕೆದಕಿದ್ದರಿಂದ ಸಿಕ್ಕಿಬಿತ್ತು. ನಿಧಾನವಾಗಿ ಬದಲಾಗುವ ಲಿನಕ್ಸ್ ಆದ ಡೆಬಿಯನ್ ಸ್ಟೇಬಲ್ ಬಳಸುತ್ತಿದ್ದವರಿಗೆ ಆ ವರ್ಷನ್‌ಗಳು ತಲುಪಿರಲೇ ಇಲ್ಲ.

ಸೆಕ್ಯುರಿಟಿ ತೇಪೆಗೆ ಮಾತ್ರ ಈ ನಿಯಮ ಇಲ್ಲ. 2021ರ ಡಿಸೆಂಬರ್‌ನಲ್ಲಿ ಜಾವಾ ಲೈಬ್ರರಿ ಲಾಗ್4ಜೆಯ ತೂತು ಮುಚ್ಚಲು 2.15.0, 2.16.0, 2.17.0, 2.17.1 ಒಂದೇ ತಿಂಗಳಲ್ಲಿ ಬಂದವು. ಆಗ ‘ಮುಂದಿನ ರಿಲೀಸ್‌ಗೆ ನೋಡೋಣ’ ಅಂತ ಕೂರಲು ಆಗುತ್ತಿತ್ತಾ?

ಪ್ರಶ್ನೆ: ರಿಲೀಸ್‌ಗೆ ದಿನಾಂಕ ಗೊತ್ತು ಮಾಡಬೇಕಾ, ಫೀಚರ್ ಮುಗಿದಾಗ ಬಿಡಬೇಕಾ? ವಾರದ ಯಾವ ದಿನ ಒಳ್ಳೆಯದು?
– ಪುತ್ತೂರಿನ ಓದುಗರು

ಉತ್ತರ: ದಿನಾಂಕ. ಮುಗಿಯದ ಫೀಚರ್ ಮುಂದಿನ ಬಸ್ ಹಿಡಿಯಲಿ. ಪೈಥಾನ್ ಈಗ ವರ್ಷಕ್ಕೊಂದು ಸಲ ಅಕ್ಟೋಬರ್‌ನಲ್ಲಿ ಬರುತ್ತದೆ, ಉಬುಂಟು ಏಪ್ರಿಲ್ ಮತ್ತು ಅಕ್ಟೋಬರ್‌ನಲ್ಲಿ. ನಿಮ್ಮ ಮೇಲೆ ನಿಂತಿರುವ ಪ್ರಾಜೆಕ್ಟ್‌ಗಳು ತಮ್ಮ ಕ್ಯಾಲೆಂಡರ್ ಹಾಕಿಕೊಳ್ಳುವುದು ಹೀಗೆ ದಿನ ಗೊತ್ತಿದ್ದಾಗ ಮಾತ್ರ.

ಹಾಗಂತ ಹಟ ಬೇಡ. ಪೈಥಾನ್ 3.13 ಬರಬೇಕಿದ್ದದ್ದು 2024ರ ಅಕ್ಟೋಬರ್ 1ಕ್ಕೆ. ಬಳಸಿ ಬಿಟ್ಟ ಮೆಮೊರಿಯನ್ನು ಸ್ವಲ್ಪ ಸ್ವಲ್ಪವಾಗಿ ತೆರವು ಮಾಡುವ ಹೊಸ ಇನ್‌ಕ್ರಿಮೆಂಟಲ್ ಗಾರ್ಬೇಜ್ ಕಲೆಕ್ಟರ್ ಕೆಲವು ಕಡೆ ವೇಗ ತಗ್ಗಿಸುತ್ತಿದೆ ಅಂತ ಕೊನೆ ಗಳಿಗೆಯಲ್ಲಿ ಕಂಡಿತು. ಅದನ್ನು ಸರಿಪಡಿಸಲು ತಿಂಗಳುಗಟ್ಟಲೆ ಕೂರಲಿಲ್ಲ. ಹೊರಗೆ ತೆಗೆದರು, ಇನ್ನೊಂದು ಆರ್‌ಸಿ ಬಿಟ್ಟರು, 7ನೇ ತಾರೀಕು ರಿಲೀಸ್ ಮಾಡಿದರು. ಆರು ದಿನ ತಡ, ಅಷ್ಟೇ. ಇದು ನನಗೆ ತುಂಬಾ ಹಿಡಿಸಿದ ತೀರ್ಮಾನ.

ವಾರದ ದಿನ ಅಂದರೆ, ಶುಕ್ರವಾರ ಬೇಡ. ಏನಾದರೂ ಮುರಿದರೆ ನೋಡಲು ಶನಿವಾರ ಯಾರೂ ಇರಲ್ಲ. ನಾನು ಮಂಗಳವಾರ ಬಿಡುತ್ತೇನೆ. ಮಂಗಳವಾರ ಹೊಸ ಕೆಲಸ ಶುರು ಮಾಡಬಾರದು ಅಂತ ನಮ್ಮಮ್ಮ ಈಗಲೂ ಹೇಳುತ್ತಾರೆ. ಪೈಥಾನ್ 3.14 ಬಂದಿದ್ದು 2025ರ ಅಕ್ಟೋಬರ್ 7ಕ್ಕೆ, ಮಂಗಳವಾರವೇ. ಅದನ್ನು ತೋರಿಸಿದರೆ, ‘ಅವರಿಗೆ ಗೊತ್ತಿಲ್ಲ, ನಿನಗಾದ್ರೂ ಗೊತ್ತಿರಬೇಕಲ್ವಾ’ ಅಂದರು.