ಸಹಿ ಹಾಕುವ ಮೊದಲು ಓದಿ ಹೇಳಬೇಕು: ಕಾಸರಗೋಡಿನಿಂದ ಒಂದು ಉತ್ತರ

ನೀವು ಎರಡು ಪ್ರಶ್ನೆ ಕೇಳಿದ್ದೀರಿ. ಕರ್ನಾಟಕದಲ್ಲಿ ಕಾನೂನು ಕಲಿತವರು ಕಾಸರಗೋಡಿನಲ್ಲಿ ಪ್ರಾಕ್ಟೀಸ್ ಮಾಡಬಹುದೇ? ಕೇರಳದ ಕೋರ್ಟಿನಲ್ಲಿ ಕನ್ನಡದ ವಕೀಲನಿಗೆ ಎಂತ ಕೆಲಸ? ಮೊದಲನೆಯದಕ್ಕೆ ಉತ್ತರ ಸುಲಭ. 1961ರ ವಕೀಲರ ಕಾಯ್ದೆಯ 30ನೇ ಸೆಕ್ಷನ್ 2011ರಲ್ಲಿ ಜಾರಿಗೆ ಬಂದಿದೆ. ವಕೀಲರನ್ನು ನೋಂದಾಯಿಸುವ ಬಾರ್ ಕೌನ್ಸಿಲ್ ಯಾವ ರಾಜ್ಯದ್ದಾಗಿರಲಿ, ಅದರಲ್ಲಿ ನಿಮ್ಮ ಹೆಸರಿದ್ದರೆ ಇಲ್ಲಿ ವಾದ ಮಾಡಬಹುದು. ಎರಡನೆಯದಕ್ಕೆ ಸ್ವಲ್ಪ ಕೂತು ಉತ್ತರ ಬರೆಯಬೇಕು.

1956ರ ನವೆಂಬರ್ 1ರ ತನಕ ಕಾಸರಗೋಡು ಮದ್ರಾಸ್ ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಒಂದು ತಾಲೂಕು. ಆ ದಿನ ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗ ಕರ್ನಾಟಕಕ್ಕೆ ಬರಬೇಕೆಂದು ಮಹಾಜನ್ ಆಯೋಗ 1967ರಲ್ಲಿ ಹೇಳಿತು. ಅದು ಜಾರಿಯಾಗಲೇ ಇಲ್ಲ. ಈ ನೋವು ನಮ್ಮೆಲ್ಲರಿಗೂ ಇದೆ. ನನ್ನ ಆಫೀಸಿಗೆ ಬರುವವರಿಗೆ ಅದು ಕಾಗದಪತ್ರದ ರೂಪದಲ್ಲಿ ತಟ್ಟುತ್ತದೆ. ಅಜ್ಜನ ಕಾಲದ ಜಾಗದ ಆಧಾರಪತ್ರ, ಗೇಣಿಚೀಟು, ವೀಲುನಾಮೆ (ಉಯಿಲು) ಎಲ್ಲ ಕನ್ನಡದಲ್ಲಿರುತ್ತವೆ. ಇವತ್ತಿನ ಕಾಗದ ಮಲಯಾಳದಲ್ಲಿ. ಹೈಕೋರ್ಟಿನ ತೀರ್ಪು ಇಂಗ್ಲಿಷಿನಲ್ಲಿ. ಮನೆಯಲ್ಲಿ ಆಡುವುದು ತುಳು, ಬ್ಯಾರಿ, ಕೊಂಕಣಿ ಅಥವಾ ಹವ್ಯಕ ಕನ್ನಡ. ಭಾಷಾ ಅಲ್ಪಸಂಖ್ಯಾತರ ಪ್ರದೇಶ ಎಂದು ಘೋಷಿಸಿದ ಕಡೆ ಸರ್ಕಾರಿ ಕಚೇರಿಗೆ ಕನ್ನಡದಲ್ಲಿ ಬರೆಯುವ ಹಕ್ಕನ್ನು 1969ರ ಕೇರಳದ ಕಾಯ್ದೆಯೇ ಕೊಟ್ಟಿದೆ. ಉತ್ತರವೂ ಕನ್ನಡದಲ್ಲೇ ಬರಬೇಕು. ಮಲಯಾಳದಲ್ಲಿ ಬಂದರೆ ನಾನು ಸುಮ್ಮನಿರುವುದಿಲ್ಲ, ಕನ್ನಡದಲ್ಲಿ ಕೊಡಿ ಎಂದು ಮತ್ತೆ ಬರೆಯುತ್ತೇನೆ.

ಹಾಗಾಗಿ ಇಲ್ಲಿ ವಕೀಲನ ಮೊದಲ ಕೆಲಸ ವಾದ ಅಲ್ಲ, ಓದಿ ಹೇಳುವುದು. ಸಿವಿಲ್ ಕೇಸುಗಳಲ್ಲಿ ಈಗ ಮುಖ್ಯ ವಿಚಾರಣೆಯ, ಅಂದರೆ ಸಾಕ್ಷಿ ತನ್ನ ಕಡೆಯವರಿಗಾಗಿ ಹೇಳುವ ಹೇಳಿಕೆಯನ್ನು ಅಫಿಡವಿಟ್ ಆಗಿ, ಪ್ರಮಾಣ ಮಾಡಿದ ಬರಹವಾಗಿ ಕೊಡುತ್ತಾರೆ. ತುಳು ಮಾತ್ರ ಆಡುವ ಅಜ್ಜಿಯ ಮಾತು ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಟೈಪ್ ಆಗಿ ಅವರ ಎದುರು ಬರುತ್ತದೆ. ಅವರು ಕೇಳುವುದು ಒಂದೇ ಮಾತು, "ಎಲ್ಲಿ ಸಹಿ ಹಾಕಬೇಕು?" ನಾನು ಒಂದೊಂದೇ ಸಾಲು ತುಳುವಿನಲ್ಲಿ ಹೇಳಲು ಶುರು ಮಾಡಿದರೆ ಅವರಿಗೇ ಗಡಿಬಿಡಿ. "ನೀವೇ ಬರೆದದ್ದಲ್ವಾ ವಕೀಲರೇ, ಮತ್ತೆಂತ ಓದುವುದು? ಬಸ್ಸು ಹೋಗ್ತದೆ." ಈ ನಂಬಿಕೆ ನೋಡಿದರೆ ನನಗೆ ಹೆದರಿಕೆಯಾಗುತ್ತದೆ. ಅವರ ಬದಲು ಓದುವವನು ನಾನೊಬ್ಬನೇ ಆದಾಗ ಏನು ಬೇಕಾದರೂ ಬರೆಯಬಹುದು.

ಗುರುತು ಸಿಗದ ಹಾಗೆ ವಿವರ ಬದಲಿಸಿ ಒಂದು ಉದಾಹರಣೆ ಹೇಳುತ್ತೇನೆ. ಜಾಗ ತಾಯಿಯ ಹೆಸರಿನಲ್ಲಿ. ಮಾಹಿತಿ ಕೊಟ್ಟದ್ದು, ಫೀಸು ಕೊಟ್ಟದ್ದು ಮಗ. ಪಡುವಣ ಗಡಿ ತೋಡಿನ ಆಚೆ ದರೆಯವರೆಗೆ ಎಂದು ಅವನು ಬರೆಸಿದ್ದ. ಓದಿ ಹೇಳುವಾಗ ತಾಯಿ ತಡೆದರು. "ತೋಡಿನ ಆಚೆಯದ್ದು ಭಾವನವರದ್ದು. ನಾನು ಮದುವೆಯಾಗಿ ಬಂದ ದಿನದಿಂದಲೂ ಅವರದ್ದೇ." ಮಗ ಸಿಟ್ಟಾದ, "ಅಮ್ಮನಿಗೆ ಎಂತ ಗೊತ್ತುಂಟು?" ಎಂದ. ಫೀಸು ಯಾರು ಕೊಟ್ಟರೂ ಪ್ರಮಾಣ ಮಾಡುವುದು ಅಮ್ಮ. ಆ ಸಾಲು ತೆಗೆದೆವು. ಮಗ ಬೇರೆ ವಕೀಲರನ್ನು ನೋಡುತ್ತೇನೆ ಎಂದು ಹೇಳಿ ಹೋದ. ತಾಯಿ ವಕಾಲತ್ತು ಬದಲಿಸಲಿಲ್ಲ. ಗಡಿನಾಡಿನ ಕೇಸುಗಳಲ್ಲಿ ಇಂಥದ್ದು ಜಾಸ್ತಿ. ಮಲಯಾಳ ಓದಲು ಬರುವುದು ಮಕ್ಕಳಿಗೆ, ಆಸ್ತಿ ಇರುವುದು ಓದಲು ಬಾರದ ಹಿರಿಯರಿಗೆ.

ಆಸ್ತಿ ತಾಯಿಯ ಕಡೆಯಿಂದ ಸಾಗುವ ಅಳಿಯಸಂತಾನ ಪದ್ಧತಿಯ ಪಾಲಿನ ಕೇಸುಗಳು ನಿಮ್ಮ ಕಡೆ ಕಾಣಸಿಗಲಿಕ್ಕಿಲ್ಲ. ಅವಿಭಕ್ತ ಕುಟುಂಬ ಪದ್ಧತಿಯನ್ನು ರದ್ದು ಮಾಡಿದ ಕೇರಳದ ಕಾಯ್ದೆ 1976ರ ಡಿಸೆಂಬರ್ 1ರಂದು ಜಾರಿಗೆ ಬಂತು. ಅಲ್ಲಿಯವರೆಗೆ ಒಟ್ಟಿಗಿದ್ದ ಕುಟುಂಬದ ಆಸ್ತಿಯಲ್ಲಿ ಆ ದಿನ ಇದ್ದ ಸದಸ್ಯರಿಗೆಲ್ಲ ತಲೆಗೊಂದು ಪಾಲು. ಸರಿ, ಆ ದಿನ ಯಾರೆಲ್ಲ ಇದ್ದರು? ಜನನ ಪತ್ರ ಇಲ್ಲದವರಿಗೆ ಶಾಲೆಯ ದಾಖಲೆ ಹುಡುಕಬೇಕು. ಮುಂಬಯಿಗೆ ಹೋಗಿ ಹೋಟೆಲ್ ಸೇರಿದ ಮಾವಂದಿರನ್ನು, ಅವರ ಅಕ್ಕತಂಗಿಯರ ಮಕ್ಕಳನ್ನು ಪತ್ತೆ ಮಾಡಬೇಕು. ಕಕ್ಷಿದಾರರು ಮೆಲ್ಲಗೆ ಹೇಳುತ್ತಾರೆ, "ಆ ಚಿಕ್ಕಮ್ಮನ ಹೆಸರು ಬಿಟ್ಟುಬಿಡಿ, ಅವರು ಕೇಳಿಕೊಂಡು ಬರುವುದಿಲ್ಲ." ಆಗುವುದಿಲ್ಲ ಎನ್ನುತ್ತೇನೆ. ಗೊತ್ತಿದ್ದೂ ಒಬ್ಬರನ್ನು ಬಿಟ್ಟು ಪಾಲು ಕೇಳುವುದು ಮೋಸ. ಮುಂದೊಂದು ದಿನ ಅವರ ಮೊಮ್ಮಕ್ಕಳು ಬಂದರೆ ಕೋರ್ಟು ಕೊಟ್ಟ ಇಡೀ ಡಿಕ್ರಿ ಅಲ್ಲಾಡುತ್ತದೆ.

ಇನ್ನು ಕುಮ್ಕಿ. ವರ್ಗ ಜಾಗದ, ಅಂದರೆ ಕಂದಾಯ ಕಟ್ಟುವ ಸ್ವಂತ ಜಾಗದ ಸುತ್ತ 100 ಗಜದೊಳಗಿನ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತೆಗೆಯುವ ಸವಲತ್ತು ವರ್ಗದಾರನಿಗೆ ಇತ್ತು. ಅದು ಸ್ವಂತ ಜಾಗ ಅಲ್ಲ. ಆದರೆ ತಲೆಮಾರುಗಳಿಂದ ಅಡಿಕೆ ಹಾಕಿದವರಿಗೆ ಅದನ್ನು ಹೇಗೆ ಹೇಳುವುದು? ಮಾರುವವರು ಬಾಯಿ ಮಾತಿನಲ್ಲಿ ಅದನ್ನೂ ಸೇರಿಸಿಯೇ ಕ್ರಯ ಹೇಳುತ್ತಾರೆ. ಕೊಳ್ಳುವವರು ನನ್ನ ಹತ್ತಿರ ಬಂದರೆ ನಾನು ಬಿಡಿಸಿ ಹೇಳುತ್ತೇನೆ. ಅದರಿಂದ ವ್ಯಾಪಾರ ಮುರಿದದ್ದೂ ಉಂಟು.

ಫೀಸಿನ ವಿಷಯ ಬೇಗ ಮುಗಿಸುತ್ತೇನೆ. "ಗೆದ್ದರೆ 10 ಸೆಂಟ್ಸ್ ಜಾಗ ನಿಮಗೆ" ಎನ್ನುವವರು ಇದ್ದಾರೆ. ಕೇಸಿನ ಫಲಿತಾಂಶ ನೋಡಿಕೊಂಡು ಫೀಸು ಎಂದು ಮಾತಾಡಿಕೊಳ್ಳಬಾರದೆಂದು ಬಾರ್ ಕೌನ್ಸಿಲ್ ನಿಯಮವೇ ಇದೆ. ಕೈಯಲ್ಲಿ ದುಡ್ಡಿಲ್ಲದ ಹೆಂಗಸರಿಗೆ ಕಾನೂನು ಸೇವಾ ಪ್ರಾಧಿಕಾರದ ದಾರಿ ತೋರಿಸುತ್ತೇನೆ. 1987ರ ಕಾಯ್ದೆಯಲ್ಲಿ ಹೆಂಗಸರ ಆದಾಯ ನೋಡುವ ಕ್ರಮವಿಲ್ಲ, ಉಚಿತ ವಕೀಲರು ಸಿಗುತ್ತಾರೆ. ಪುತ್ತೂರಿಗೋ ಸುಳ್ಯಕ್ಕೋ ಮದುವೆ ಮಾಡಿಕೊಟ್ಟ ಮಗಳು ಜಗಳವಾಗಿ ತಾಯಿ ಮನೆಗೆ ಬಂದಿದ್ದರೆ ಜೀವನಾಂಶದ ಅರ್ಜಿಯನ್ನು ಇಲ್ಲಿಯೇ ಹಾಕಬಹುದು. ಗಡಿ ದಾಟಿ ಅಲೆಯಬೇಕಿಲ್ಲ ಎಂದಾಗ ಅವರ ಮುಖ ನೋಡಬೇಕು ನೀವು.

ಊರು ಸಣ್ಣದು. ಅಣ್ಣನಿಗೆ ಸಲಹೆ ಕೊಟ್ಟ ವಾರವೇ ತಮ್ಮನೂ ಬರುತ್ತಾನೆ. ಕನ್ನಡ, ತುಳು ಬಲ್ಲ ವಕೀಲ ಬೇಕು ಎಂದು ಇಬ್ಬರೂ ನನ್ನನ್ನೇ ಹುಡುಕಿ ಬಂದಿರುತ್ತಾರೆ. ತಮ್ಮನನ್ನು ವಾಪಸು ಕಳಿಸಬೇಕು. ಯಾಕೆ ಎಂದೂ ಬಿಡಿಸಿ ಹೇಳುವಂತಿಲ್ಲ. ಮುಂದಿನ ಮದುವೆ ಊಟದಲ್ಲಿ ಅವನು ಮುಖ ತಿರುಗಿಸಿದರೆ ಸಹಿಸಿಕೊಳ್ಳಬೇಕು.

ಬರೆದಿಟ್ಟ ಕಾಗದವಿಲ್ಲದ ಕೈಸಾಲದ ಜಗಳಗಳಲ್ಲಿ ಎಷ್ಟೋ ಜನ ಕೋರ್ಟಿಗಿಂತ ಮೊದಲು ನಮ್ಮ ಜಿಲ್ಲೆಯ ಕಾನತ್ತೂರಿನ ದೈವಸ್ಥಾನ ನೆನಪಿಸಿಕೊಳ್ಳುತ್ತಾರೆ. ಅಲ್ಲಿ ದೂರು ಕೊಡುತ್ತೇನೆ, ಬಂದು ಆಣೆ ಹಾಕು ಎಂದರೆ ಹಣ ತಂದುಕೊಡುವವರೂ ಇದ್ದಾರೆ. ನಾನು ಯಾರನ್ನೂ ತಡೆಯುವುದಿಲ್ಲ, ಆ ನಂಬಿಕೆ ನನಗೂ ಇದೆ. ಆದರೆ ಒಂದು ಮಾತು ಹೇಳಿಯೇ ಕಳಿಸುತ್ತೇನೆ: ಕೋರ್ಟಿಗೆ ಬರಲು ಇರುವುದು 3 ವರ್ಷ. ಅಷ್ಟರೊಳಗೆ ಸಾಲ ಬಾಕಿ ಇದೆ ಎಂದು ಎದುರಿನವರಿಂದ ಬರೆಸಿ ಸಹಿ ತಗೊಳ್ಳಿ, ಅವಧಿ ಹೊಸದಾಗಿ ಶುರುವಾಗುತ್ತದೆ.

ನೀವು ಬರುವುದಾದರೆ ಮಲಯಾಳ ಓದಲು ಕಲಿತು ಬನ್ನಿ. ಮಾತು ಇಲ್ಲಿಗೆ ಬಂದ ಮೇಲೆ ತಾನಾಗಿ ಬರುತ್ತದೆ. ಹಳೆಯ ಕನ್ನಡ ಕೈಬರಹ ಓದಬಲ್ಲ ಹಿರಿಯ ಗುಮಾಸ್ತರನ್ನು ಹುಡುಕಿ ಅವರ ಹತ್ತಿರ ಸ್ವಲ್ಪ ಕಾಲ ಕೂತುಕೊಳ್ಳಿ. ವಿದ್ಯಾನಗರದ ಕೋರ್ಟಿನ ಹತ್ತಿರ ಬಾಡಿಗೆ ಕೋಣೆ ನಾನೇ ನೋಡಿಕೊಡುತ್ತೇನೆ.