ಹೆಚ್ಚು ಬಿಂದುಗಳನ್ನು ಮುಟ್ಟುವ ಗೆರೆಯನ್ನೇ ಆರಿಸಬೇಕೇ?

ಸ್ಕ್ಯಾಟರ್ ಪ್ಲಾಟ್ (ಎಕ್ಸ್, ವೈ ಎಂಬ ಎರಡು ಅಳತೆಗಳ ಜೋಡಿಗಳನ್ನು ಬಿಂದುಗಳಾಗಿ ಗುರುತಿಸಿದ ಚಿತ್ರ) ಮೇಲೆ ನೀವು ಎಳೆದ ಎರಡು ಗೆರೆಗಳಲ್ಲಿ ಒಂದು ಹಲವು ಬಿಂದುಗಳ ಮೇಲೆಯೇ ಹಾದುಹೋಗುತ್ತದೆ, ಇನ್ನೊಂದು ಒಂದನ್ನೂ ಮುಟ್ಟುವುದಿಲ್ಲ. ಬಿಂದುಗಳ ಒಟ್ಟು ಒಲವನ್ನು ತೋರಿಸಲು ಯಾವುದು ಸರಿ ಎಂದು ಕೇಳಿದ್ದೀರಿ. ಮುಟ್ಟಿದ ಬಿಂದುಗಳನ್ನು ಎಣಿಸುವುದನ್ನು ದಯವಿಟ್ಟು ಬಿಡಿ. ಕಲಿಯುವಾಗ ನಾನೂ ಹಾಗೆಯೇ ಎಣಿಸುತ್ತಿದ್ದೆ. ಆ ಅಭ್ಯಾಸವನ್ನು ಬಿಡಿಸಿದ್ದು ಒಂದು ಪುಟ್ಟ ಲೆಕ್ಕ.

(1, 2), (2, 3), (3, 5), (4, 6) ಎಂಬ ನಾಲ್ಕು ಬಿಂದುಗಳನ್ನು ಗುರುತಿಸಿ. ವೈ = ಎಕ್ಸ್ + 1 ಎಂಬ ಗೆರೆ ಮೊದಲೆರಡು ಬಿಂದುಗಳ ಮೇಲೆ ಸರಿಯಾಗಿ ಕೂರುತ್ತದೆ, ಉಳಿದೆರಡರಿಂದ ಒಂದೊಂದು ಮಾನ ಕೆಳಗಿರುತ್ತದೆ. ವೈ = 1.4 ಎಕ್ಸ್ + 0.5 ಯಾವುದನ್ನೂ ಮುಟ್ಟುವುದಿಲ್ಲ. ಅದರಿಂದ ಬಿಂದುಗಳಿಗಿರುವ ಅಂತರ ಕ್ರಮವಾಗಿ 0.1, 0.3, 0.3, 0.1. ಅಂತರಗಳ ವರ್ಗಗಳನ್ನು ಕೂಡಿಸಿ ನೋಡಿ: ಮೊದಲ ಗೆರೆಗೆ 2, ಎರಡನೆಯದಕ್ಕೆ ಬರೀ 0.2. ಇದಕ್ಕಿಂತ ಕಡಿಮೆ ಮೊತ್ತ ಕೊಡುವ ಸರಳರೇಖೆ ಈ ಬಿಂದುಗಳಿಗೆ ಇಲ್ಲವೇ ಇಲ್ಲ. 1805ರಲ್ಲಿ ಫ್ರಾನ್ಸಿನ ಗಣಿತಜ್ಞ ಲೆಜಾಂಡ್ರ್ ಪ್ರಕಟಿಸಿದ ಕನಿಷ್ಠ ವರ್ಗ ವಿಧಾನ ಹುಡುಕುವುದು ಇಂಥ ಗೆರೆಯನ್ನೇ. ಅಂತರವನ್ನು ಮೇಲಿಂದ ಕೆಳಕ್ಕೆ ನೇರವಾಗಿ ಅಳೆಯಬೇಕು, ಗೆರೆಗೆ ಲಂಬವಾಗಿ ಅಲ್ಲ. ಏಕೆಂದರೆ ಎಕ್ಸ್ ತಿಳಿದಿರುವಾಗ ವೈ ಎಷ್ಟಿರಬಹುದು ಎಂಬುದನ್ನು ನಾವು ಅಂದಾಜು ಮಾಡುತ್ತಿದ್ದೇವೆ.

ಕೈಯಿಂದ ಎಳೆಯುವುದಾದರೆ ಎಕ್ಸ್‌ಗಳ ಸರಾಸರಿ ಮತ್ತು ವೈಗಳ ಸರಾಸರಿ ಸೇರುವ ಬಿಂದುವನ್ನು ಮೊದಲು ಗುರುತಿಸಿ. ಇಲ್ಲಿ ಅದು (2.5, 4). ಕನಿಷ್ಠ ವರ್ಗದ ಗೆರೆ ಅದರ ಮೂಲಕ ಹೋಗಿಯೇ ತೀರುತ್ತದೆ. ಅಲ್ಲಿ ಸ್ಕೇಲನ್ನು ಒತ್ತಿಹಿಡಿದು ಮೆಲ್ಲನೆ ತಿರುಗಿಸಿದರೆ ಇಳಿಜಾರನ್ನಷ್ಟೇ ನಿರ್ಧರಿಸಬೇಕಾಗುತ್ತದೆ.

ಈ ವಿಧಾನಕ್ಕೆ ಒಂದು ದೌರ್ಬಲ್ಯವಿದೆ. ವರ್ಗ ಮಾಡುವುದರಿಂದ ದೂರದ ಒಂದೇ ಬಿಂದು ಇಡೀ ಗೆರೆಯನ್ನು ತನ್ನತ್ತ ಎಳೆದುಕೊಳ್ಳಬಲ್ಲದು. ಅಂಥದ್ದು ಕಂಡರೆ ಬರೆದುಕೊಳ್ಳುವಾಗ ತಪ್ಪಾಗಿದೆಯೇ ಎಂದು ಪರೀಕ್ಷಿಸಿ. ತಪ್ಪಿಲ್ಲದಿದ್ದರೆ ಅಳಿಸಬೇಡಿ, ಅದನ್ನು ಸೇರಿಸಿ ಒಮ್ಮೆ, ಬಿಟ್ಟು ಒಮ್ಮೆ ಗೆರೆ ಎಳೆದು ಎರಡನ್ನೂ ತೋರಿಸಿ.

ಗೆರೆ ಸಿಕ್ಕ ಮೇಲೂ ಬಿಂದುಗಳನ್ನು ನೋಡುತ್ತಲೇ ಇರಬೇಕು. 1973ರಲ್ಲಿ ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕೂಂಬ್ ಹನ್ನೊಂದು ಹನ್ನೊಂದು ಬಿಂದುಗಳ ನಾಲ್ಕು ಗುಂಪುಗಳನ್ನು ಮುಂದಿಟ್ಟರು. ನಾಲ್ಕಕ್ಕೂ ಬರುವ ಗೆರೆ ಹೆಚ್ಚುಕಡಿಮೆ ಒಂದೇ: ವೈ = 3 + 0.5 ಎಕ್ಸ್. ಚಿತ್ರ ಬಿಡಿಸಿದರೆ ಒಂದು ಗುಂಪು ಸ್ಪಷ್ಟವಾಗಿ ಬಾಗಿದೆ! ನಿಮ್ಮ ಅಂತರಗಳನ್ನೂ ಹಾಗೆಯೇ ಎಕ್ಸ್‌ಗೆ ಎದುರಾಗಿ ಗುರುತಿಸಿ. ಬಿಂದು ಗೆರೆಗಿಂತ ಮೇಲಿದ್ದರೆ ಅಂತರಕ್ಕೆ ಪ್ಲಸ್, ಕೆಳಗಿದ್ದರೆ ಮೈನಸ್ ಹಾಕಿ. ಅಂತರಗಳು ಸೊನ್ನೆಯ ಆಚೀಚೆ ಅಡ್ಡಾದಿಡ್ಡಿ ಚದುರಿದ್ದರೆ ಗೆರೆಯನ್ನು ಇಟ್ಟುಕೊಳ್ಳಿ. ಬಿಲ್ಲಿನಂತೆ ಬಾಗಿದ್ದರೆ ನಿಮ್ಮ ಎರಡೂ ಗೆರೆಗಳನ್ನು ಬದಿಗಿಟ್ಟು ವಕ್ರರೇಖೆಯನ್ನು ಹುಡುಕಿ.